ನೀಲಿ ಸ್ಟ್ರಾಬೆರಿ ಬೀಜ ಎಂದು ಮಾರುತ್ತಾರೆ, ತರಿಸಬೇಡಿ

ಕಾಸರಗೋಡು ಕಡೆ ಟೆರೇಸಿನಲ್ಲಿ ಗ್ರೋ ಬ್ಯಾಗ್ ಇಟ್ಟು ಗಿಡ ಮಾಡುವವರು ದಯವಿಟ್ಟು ಇದನ್ನು ಓದಿ. ಕೆಂಪು, ನೀಲಿ, ಕಪ್ಪು ಸ್ಟ್ರಾಬೆರಿ ಬೀಜ ಎಂದು ಚಿತ್ರ ತೋರಿಸಿ ಮಾರುವ ಜಾಹೀರಾತು ಮೊಬೈಲಿನಲ್ಲಿ ಈಗಲೂ ಬರುತ್ತಿದೆ. ಪೆರ್ಲದ ನಮ್ಮ ಮನೆಗೂ ಮೂರು ಬಣ್ಣದ ಪೊಟ್ಟಣ ಬಂತು. ದುಡ್ಡು ಹೋದದ್ದು ಬಿಡಿ, ಮಗಳು ದಿನಾ ಶಾಲೆಯಿಂದ ಬಂದವಳೇ ಬ್ಯಾಗಿಗೆ ಇಣುಕುತ್ತಿದ್ದುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೂರರಲ್ಲೂ ಇದ್ದದ್ದು ಒಂದೇ ಬೀಜ. ಉರುಟು, ಕಪ್ಪು, ಮಿರಿಮಿರಿ ಹೊಳೆಯುವಂಥದ್ದು. ಸುಡುಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ಉದುರಿಸಿದೆವು. ಬೇಗನೆ ಒತ್ತೊತ್ತಾಗಿ ಹುಟ್ಟಿತು. ನಾಲ್ಕೆಲೆ ಬಂದಾಗ ಅಮ್ಮ ಒಂದು ಗಿಡ ಕಿತ್ತು, ಎಲೆಯಡಿಯ ಕೆಂಪು ನೋಡಿ, “ಇದು ಹರಿವೆ ಅಲ್ವಾ ಮಗಾ?” ಎಂದರು. ಹರಿವೆಯೇ! ಮಾರಿದವರಿಗೆ ಫೋಟೋ ಕಳಿಸಿದರೆ ಮೊದಲು “ನೀರು ಜಾಸ್ತಿಯಾಗಿದೆ” ಎಂದರು, ಆಮೇಲೆ “7 ದಿನದೊಳಗೆ ವಾಪಸ್ ಮಾಡಬೇಕಿತ್ತು” ಎಂದರು.

ಆ ಗಡುವನ್ನು ಗಮನಿಸಿ. ನಿಜವಾದ ಸ್ಟ್ರಾಬೆರಿ ಬೀಜ ಮೊಳೆಯಲಿಕ್ಕೇ ಎರಡು ಮೂರು ವಾರ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಮೋಸ ಗೊತ್ತಾಗುವ ಹೊತ್ತಿಗೆ ಗಡುವು ಮುಗಿದೇ ಇರುತ್ತದೆ.

ನೀಲಿ ಸ್ಟ್ರಾಬೆರಿ ಎಂಬ ತಳಿಯೇ ಇಲ್ಲ, ಅದು ಚಿತ್ರಕ್ಕೆ ಬಳಿದ ಬಣ್ಣ. ಹಣ್ಣಿನ ಮೈಮೇಲೆ ಕಾಣುತ್ತದಲ್ಲ, ಒಂದು ತುದಿ ಚೂಪಾದ ಸಣ್ಣ ಕಾಳು, ಅದೇ ಬೀಜ. ಅದನ್ನು ಬಿತ್ತಿದರೂ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಮಹಾರಾಷ್ಟ್ರದ ಮಹಾಬಲೇಶ್ವರದ ಬೆಳೆಗಾರರು ನೆಡುವುದು ತಾಯಿಗಿಡದಿಂದ ಹಬ್ಬುವ ಹಂಬಿನಲ್ಲಿ ಬೇರುಬಿಟ್ಟ ಸಸಿಯನ್ನು. ವಿಂಟರ್ ಡಾನ್, ಸ್ವೀಟ್ ಚಾರ್ಲಿಯಂಥ ತಳಿಗಳು. ಅದೂ ಸುಮಾರು 1,350 ಮೀಟರ್ ಎತ್ತರದ ತಂಪಿನಲ್ಲಿ. ನಮ್ಮ ಸೆಕೆಗೆ, ಮಳೆ ಬಿಟ್ಟ ಮೇಲೆ ಒಳ್ಳೆಯ ಸಸಿಯನ್ನೇ ನೆಟ್ಟರೂ ಬೇಸಗೆಗೆ ಮೊದಲು ನಾಲ್ಕು ಹಣ್ಣು ಸಿಕ್ಕಿದರೆ ಪುಣ್ಯ. ಜಾಹೀರಾತಿನವರು “ವರ್ಷವಿಡೀ ಹಣ್ಣು” ಎನ್ನುವುದು ಈ ಊರಿಗೆ ಶುದ್ಧ ಸುಳ್ಳು. ಸಸಿ ಸಿಕ್ಕಿದವರು ನಡುವಿನ ಕುಡಿಯನ್ನು ಮಣ್ಣಿನಡಿ ಹೂಳಬೇಡಿ, ಕೊಳೆಯುತ್ತದೆ.

ಬೀಜದ ಪೊಟ್ಟಣದ ಮೇಲೆ ಲಾಟ್ ನಂಬರ್, ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ ಇದೆಯಾ ನೋಡಿ. ನಮಗೆ ಬಂದುದರಲ್ಲಿ ಮಾರಿದವರ ವಿಳಾಸವೂ ಇರಲಿಲ್ಲ. ಈಗಾಗಲೇ ತರಿಸಿದ್ದರೆ ಬಿತ್ತುವ ಮೊದಲು ಬೀಜವನ್ನು ಅಂಗೈಯಲ್ಲಿಟ್ಟು ಫೋಟೋ ತೆಗೆಯಿರಿ, ಬಿಲ್ಲು ಮತ್ತು ಪೊಟ್ಟಣ ಎಸೆಯಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಹುಟ್ಟಿದ ಗಿಡದ ಗುರುತು ಸಿಗದಿದ್ದರೆ ಪಂಚಾಯತಿನ ಕೃಷಿಭವನಕ್ಕೆ ಒಯ್ದು ತೋರಿಸಿ. ಅಲ್ಲಿಯವರೆಗೆ ಅದನ್ನು ತೋಟಕ್ಕೆ ಇಳಿಸಬೇಡಿ, ಯಾವ ಕಳೆಯೋ ಏನೋ.