ನಿಗಾ ಕೆಲಸಕ್ಕೆ ಡಿಟೆಕ್ಟಿವ್ ತಂಡ: ದುಡ್ಡಿಗೆ ತಕ್ಕ ಸೇವೆ, ಎರಡು ದೂರುಗಳ ಜೊತೆಗೆ

ನಿಗಾ ಇಡಿಸಲು ಡಿಟೆಕ್ಟಿವ್ ಏಜೆನ್ಸಿ ಹುಡುಕುತ್ತಿದ್ದೀರಾ? ಯಾರ ಮೇಲೆ ಕಣ್ಣಿಡಬೇಕೋ ಅವರು ವಾಹನದಲ್ಲಿ ಓಡಾಡುವವರಾದರೆ, ಒಬ್ಬರನ್ನೇ ಕಳಿಸುವ ಪ್ಯಾಕೇಜ್‌ಗೆ ದುಡ್ಡು ಹಾಕಬೇಡಿ. ತಂಡ ಕೇಳಿ. ನಾನು ಎರಡನ್ನೂ ನೋಡಿದ್ದೇನೆ, ಬೇರೆ ಬೇರೆ ಏಜೆನ್ಸಿಗಳಿಂದ. ಹೆಸರು ಹಾಕುತ್ತಿಲ್ಲ. ಕೆಲಸ ಹೇಗೆ ನಡೆಯಿತು ಅನ್ನೋದು ಮುಖ್ಯ.

ನಮ್ಮ ಸಮಸ್ಯೆ ಇಷ್ಟು. ಗೋಡೌನ್‌ನಿಂದ ಲೆಕ್ಕ ಸರಿಯಾಗಿಯೇ ಹೊರಟ ಸರಕು ಗಿರಾಕಿಗೆ ತಲುಪುವಷ್ಟರಲ್ಲಿ ಕಡಿಮೆಯಾಗುತ್ತಿತ್ತು. ವ್ಯಾನ್ ನಮ್ಮದೇ, ಅದರಲ್ಲಿ ಜಿಪಿಎಸ್ ಕೂಡ ಇದೆ. ದಾರಿ ಮಧ್ಯೆ ಒಂದು ಬೀದಿಯಲ್ಲಿ ಅದು ಪದೇ ಪದೇ ನಿಲ್ಲುತ್ತಿದೆ ಅಂತ ಮ್ಯಾಪ್‌ನಲ್ಲೇ ಕಾಣುತ್ತಿತ್ತು. ಆದರೆ ಜಿಪಿಎಸ್ ಒಂದು ಚುಕ್ಕೆಯನ್ನು ಮಾತ್ರ ತೋರಿಸುತ್ತದೆ. ಹಿಂದಿನ ಬಾಗಿಲು ತೆಗೆದವರು ಯಾರು, ಪೆಟ್ಟಿಗೆ ಯಾರ ಕೈಗೆ ಹೋಯಿತು, ಅದು ಅದಕ್ಕೆ ಗೊತ್ತಿಲ್ಲ. ಸುಮ್ನೆ ಅನುಮಾನದ ಮೇಲೆ ಡ್ರೈವರ್‌ನನ್ನು ಕೆಲಸದಿಂದ ತೆಗೆಯೋದು ನ್ಯಾಯ ಅಲ್ಲ ಅಲ್ವಾ? ಅವನು ತಪ್ಪು ಮಾಡದೆಯೂ ಇರಬಹುದಿತ್ತು.

ಮೊದಲ ಏಜೆನ್ಸಿ ಒಬ್ಬರನ್ನು ಕಳಿಸಿತು. ಒಂದು ಕಾರು, ಒಂದು ಕ್ಯಾಮೆರಾ. ವರದಿಯಲ್ಲಿ ಮತ್ತೆ ಮತ್ತೆ ಒಂದೇ ಸಾಲು: ಸಿಗ್ನಲ್ ಬಳಿ ವ್ಯಾನ್ ಕೈತಪ್ಪಿತು. ಆಮೇಲೆ ಅವರು ಹತ್ತಿರದಿಂದ ಹಿಂಬಾಲಿಸಲು ಶುರು ಮಾಡಿದರು. ಒಂದೇ ಕಾರು ಬೆನ್ನ ಹಿಂದಿದೆ ಅಂತ ಡ್ರೈವರ್‌ಗೆ ಗೊತ್ತಾಯಿತು, ಕೆಲವು ಕಾಲ ವ್ಯಾನ್ ಎಲ್ಲೂ ನಿಲ್ಲದೆ ನೆಟ್ಟಗೆ ಹೋಗಿ ನೆಟ್ಟಗೆ ಬಂತು. ಆ ಡಿಟೆಕ್ಟಿವ್‌ನನ್ನು ನಾನು ದೂರುವುದಿಲ್ಲ. ಹತ್ತಿರ ಹೋದರೆ ಮಿರರ್‌ನಲ್ಲಿ ಸಿಕ್ಕಿಬೀಳುತ್ತಾರೆ, ದೂರ ಉಳಿದರೆ ಸಿಗ್ನಲ್ ಕೆಂಪಾಗುತ್ತದೆ. ಒಬ್ಬರೇ ಇದ್ದಾಗ ಈ ಇಕ್ಕಟ್ಟಿಗೆ ಪರಿಹಾರವೇ ಇಲ್ಲ. ನನ್ನ ಸಿಟ್ಟು ಆ ಏಜೆನ್ಸಿಯ ಮೇಲೆ. ಇದು ಗೊತ್ತಿದ್ದೂ ಅವರು ಒಬ್ಬರನ್ನೇ ಕಳಿಸಿದರು, ಇನ್ನೊಬ್ಬರು ಬೇಕಾಗಬಹುದು ಅಂತ ಒಂದು ಮಾತೂ ಹೇಳಲಿಲ್ಲ.

ಎರಡನೇ ಏಜೆನ್ಸಿಯಿಂದ ಬಂದವರು ಮೂವರು. ಎರಡು ಕಾರು, ಒಂದು ಬೈಕ್. ಕೆಲಸ ಶುರುವಾಗುವ ಮುಂಚೆ ತಂಡದ ಹಿರಿಯರು ಕೂತು ತುಂಬಾ ಹೊತ್ತು ಪ್ರಶ್ನೆ ಕೇಳಿದರು. ಗೋಡೌನ್‌ಗೆ ಎಷ್ಟು ಗೇಟು, ಡ್ರೈವರ್ ನಡೆಯುವಾಗ ಹೇಗೆ ಕಾಣುತ್ತಾನೆ, ವ್ಯಾನ್‌ಗೆ ಹಿಂದಿನಿಂದ ಗುರುತು ಹಿಡಿಯುವಂಥದ್ದು ಏನಿದೆ. ಆಮೇಲೆ ಆ ಬೀದಿಗೆ ಹೋಗಿ ಎಲ್ಲಿ ಗಾಡಿ ನಿಲ್ಲಿಸಿದರೆ ಯಾರಿಗೂ ವಿಚಿತ್ರ ಅನ್ನಿಸಲ್ಲ ಅಂತ ನೋಡಿಕೊಂಡು ಬಂದರು. ಹೊರಡುವಾಗ ಹೇಳಿದ ಮಾತು ನನಗೆ ಇಷ್ಟವಾಯಿತು: "ಸರ್, ವ್ಯಾನ್ ಕೈತಪ್ಪಿದರೆ ನಾಳೆ ಮತ್ತೆ ಹಿಡಿಯಬಹುದು. ಅವನಿಗೆ ಗೊತ್ತಾಗಿಬಿಟ್ಟರೆ ಅಲ್ಲಿಗೆ ಕೆಲಸ ಮುಗೀತು."

ಇವರು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಿಲ್ ನೋಡಿದಾಗ ಮೂರು ಜನ ಯಾಕೆ ಅಂತ ನಿಮಗೂ ಅನ್ನಿಸುತ್ತದೆ. ವ್ಯಾನ್ ಅನ್ನು ನೇರವಾಗಿ ನೋಡುವವರು ಯಾವಾಗಲೂ ಒಬ್ಬರೇ. ಅವರನ್ನು 'ಕಣ್ಣು' ಅನ್ನುತ್ತಾರೆ. ಉಳಿದವರಿಗೆ ವ್ಯಾನ್ ಕಾಣಬೇಕೆಂದೇ ಇಲ್ಲ, ಅವರು ಗ್ರೂಪ್ ಕಾಲ್‌ನಲ್ಲಿ ಕಿವಿಗೊಟ್ಟು ಹಿಂದೆ ಬರುತ್ತಾರೆ, ಒಬ್ಬರು ಸಾಧ್ಯವಾದರೆ ಪಕ್ಕದ ಸಮಾನಾಂತರ ರಸ್ತೆಯಲ್ಲಿ ಇರುತ್ತಾರೆ. ಕಣ್ಣು ಆದವರು ಎಲ್ಲವನ್ನೂ ಹೇಳುತ್ತಲೇ ಇರಬೇಕು: ಇಂಡಿಕೇಟರ್ ಹಾಕಿದ, ನಿಧಾನ ಮಾಡಿದ, ಮಧ್ಯೆ ಎರಡು ಗಾಡಿ ಇವೆ. ವ್ಯಾನ್ ಸೈಡಿನ ರಸ್ತೆಗೆ ತಿರುಗಿದರೆ ಕಣ್ಣು ತಿರುಗುವುದಿಲ್ಲ! ಅವರು ನೇರ ಹೋಗಿಬಿಡುತ್ತಾರೆ, ಹಿಂದಿನವರು ತಿರುಗಿ ಕಣ್ಣಾಗುತ್ತಾರೆ, ನೇರ ಹೋದವರು ಸುತ್ತಿ ಬಂದು ಸಾಲಿನ ಕೊನೆಗೆ ಸೇರುತ್ತಾರೆ. ಡ್ರೈವರ್ ಮಿರರ್ ನೋಡಿದಾಗಲೆಲ್ಲ ಬೇರೆ ಗಾಡಿ ಕಾಣುತ್ತದೆ.

ನಮ್ಮ ಡ್ರೈವರ್ ಆ ಹೊತ್ತಿಗೆ ಹುಷಾರಾಗಿದ್ದ. ಒಂದು ಸರ್ಕಲ್‌ನಲ್ಲಿ ಸುಮ್ನೆ ಪೂರ್ತಿ ಸುತ್ತು ಹಾಕಿದ. ಯಾರಾದರೂ ಹಿಂದಿದ್ದಾರಾ ಅಂತ ನೋಡುವ ಹಳೇ ಉಪಾಯ ಅದು. ಅವನ ಜೊತೆ ಸುತ್ತುವ ಗಾಡಿ ತಾನಾಗಿಯೇ ಬಯಲಾಗುತ್ತದೆ. ಮುಂದಿದ್ದ ಕಾರಿನವರು ಮೊದಲ ತಿರುವಿನಲ್ಲೇ ಹೊರಗೆ ಹೋದರು, ಬೈಕ್‌ನವರು ಸರ್ಕಲ್‌ಗೆ ಬರುವ ಮುಂಚೆಯೇ ಬದಿಗೆ ನಿಂತು ಯಾವ ರಸ್ತೆ ಹಿಡಿಯುತ್ತಾನೆ ಅಂತ ನೋಡಿ ಹೇಳಿದರು, ಅಷ್ಟೇ. ತಂಡಕ್ಕೆ ದುಡ್ಡು ಕೊಟ್ಟು ನಾವು ಪಡೆಯುವುದು ಇದನ್ನೇ. ಹಿಂಬಾಲಿಸುವವರು ಧೈರ್ಯವಾಗಿ ಬಿಟ್ಟುಕೊಡಬಹುದು. ಒಬ್ಬರೇ ಇದ್ದರೆ ಬಿಟ್ಟುಕೊಡುವ ಹಾಗಿಲ್ಲ, ಅದಕ್ಕೇ ಸಿಕ್ಕಿಬೀಳುತ್ತಾರೆ.

ನಡೆದುಕೊಂಡು ಹಿಂಬಾಲಿಸುವಾಗಲೂ ಇದೇ ಲೆಕ್ಕ. ಒಬ್ಬರು ಹಿಂದೆ, ಅವರ ಹಿಂದೆ ಇನ್ನೊಬ್ಬರು, ಮೂರನೆಯವರು ರಸ್ತೆಯ ಆಚೆ ಬದಿ. ಮುಂದಿರುವವನು ಮೂಲೆಯಲ್ಲಿ ತಿರುಗಿ ಗೋಡೆ ಅಡ್ಡ ಬಂದಾಗ, ಆಚೆ ಬದಿಯವರಿಗೆ ಅವನು ಇನ್ನೂ ಕಾಣುತ್ತಿರುತ್ತಾನೆ.

ವ್ಯಾನ್ ಆ ಬೀದಿಯಲ್ಲಿ ನಿಂತಾಗ ತಂಡದಲ್ಲಿದ್ದ ಮಹಿಳೆ ಬಸ್ ಸ್ಟಾಪ್‌ನಲ್ಲಿ ಫೋನ್ ನೋಡುತ್ತಾ ಕೂತಿದ್ದರು. ಇನ್ನೊಬ್ಬರು ಬೀದಿಯ ಆ ತುದಿಯಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಬಸ್ ಸ್ಟಾಪ್‌ನ ವಿಡಿಯೋದಲ್ಲಿ ಡ್ರೈವರ್ ಬಾಗಿಲು ತೆಗೆದು ಪೆಟ್ಟಿಗೆ ಇಳಿಸುವುದು ಚೆನ್ನಾಗಿ ಕಾಣುತ್ತದೆ, ಆದರೆ ತೆಗೆದುಕೊಂಡವನ ಬೆನ್ನು ಮಾತ್ರ. ಕಾರಿನ ವಿಡಿಯೋದಲ್ಲಿ ವ್ಯಾನ್ ಅರ್ಧ ಮರೆ, ಆದರೆ ಆ ಮನುಷ್ಯನ ಮುಖ ಸ್ಪಷ್ಟ. ಅವನು ನಮ್ಮ ಗೋಡೌನ್‌ನಲ್ಲೇ ಲೋಡಿಂಗ್ ನೋಡಿಕೊಳ್ಳುತ್ತಿದ್ದವನು. ಒಂದೇ ಕ್ಯಾಮೆರಾ ಇದ್ದಿದ್ದರೆ ನಾವು ಡ್ರೈವರ್ ಒಬ್ಬನನ್ನೇ ಹಿಡಿದು, ಇವನನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದೆವು.

ಅಂದ ಹಾಗೆ, ಇದೇನೂ ಹೊಸ ವಿದ್ಯೆ ಅಲ್ಲ. ಅಮೆರಿಕದ ಪಿಂಕರ್ಟನ್ ಏಜೆನ್ಸಿ ಹುಟ್ಟಿದ್ದು 1850ರ ಸುಮಾರಿಗೆ. ಅಲ್ಲಿಗೆ 1856ರಲ್ಲಿ ಕೇಟ್ ವಾರ್ನ್ ಎಂಬ ಮಹಿಳೆ ಸೇರಿದರು, ಗಂಡಸರು ಹೋಗಲಾರದ ಕಡೆ ಹೆಂಗಸು ಹೋಗಬಹುದು ಅನ್ನೋದೇ ಅವರ ವಾದ. 1861ರಲ್ಲಿ ಲಿಂಕನ್ ಬಾಲ್ಟಿಮೋರ್ ದಾಟಿ ವಾಷಿಂಗ್ಟನ್‌ಗೆ ಹೋಗಬೇಕಿದ್ದಾಗ, ಕೊಲೆ ಸಂಚಿನ ಸುಳಿವು ಹಿಡಿಯಲು ಪಿಂಕರ್ಟನ್ ಕಳಿಸಿದ್ದೂ ಬೇರೆ ಬೇರೆ ವೇಷದ ಒಂದು ತಂಡವನ್ನೇ, ವಾರ್ನ್ ಅದರಲ್ಲಿದ್ದರು. ಇವತ್ತಿಗೂ ಗಂಡಸರು ಮಾತ್ರ ಇರುವ ತಂಡಕ್ಕಿಂತ ಹೆಂಗಸರೂ ಇರುವ ತಂಡವನ್ನೇ ಕೇಳಿ ಅನ್ನುತ್ತೇನೆ. ಬಸ್ ಸ್ಟಾಪ್‌ನಲ್ಲಿ ಕೂತ ಆ ಮಹಿಳೆಯ ಕಡೆ ನಮ್ಮ ಡ್ರೈವರ್ ಒಮ್ಮೆಯೂ ತಿರುಗಿ ನೋಡಿಲ್ಲ, ವಿಡಿಯೋದಲ್ಲೇ ಕಾಣುತ್ತದೆ.

ವರದಿ ತುಂಬಾ ಚೆನ್ನಾಗಿತ್ತು. ಸಮಯ, ಜಾಗ, ನೋಡಿದವರು ಯಾರು, ಎಲ್ಲವೂ ಸಾಲಾಗಿ ಇತ್ತು. ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಒಂದು ಸಾಲು: 10.42ರಿಂದ 10.47ರವರೆಗೆ ವ್ಯಾನ್ ಯಾರ ಕಣ್ಣಿಗೂ ಬೀಳಲಿಲ್ಲ. ಕಾಣದ್ದನ್ನು ಕಾಣಲಿಲ್ಲ ಅಂತಲೇ ಬರೆದಿದ್ದರು. ಕಣ್ತಪ್ಪಿದ ಹೊತ್ತನ್ನು ಮುಚ್ಚಿಟ್ಟರೆ ನಾಳೆ ಕೋರ್ಟಿನಲ್ಲಿ ಎದುರು ವಕೀಲರು ಅದನ್ನೇ ಹಿಡಿದು ಪೂರ್ತಿ ವರದಿಯನ್ನು ಅನುಮಾನಕ್ಕೆ ಈಡು ಮಾಡುತ್ತಾರೆ. ಇಬ್ಬರು ಬೇರೆ ಬೇರೆ ಜಾಗದಿಂದ ಒಂದೇ ವಿಷಯ ನೋಡಿದ್ದರೆ ಸಾಕ್ಷಿಗೂ ಬಲ ಬರುತ್ತದೆ.

ಇನ್ನೊಂದು ಮೆಚ್ಚುಗೆ. ನನ್ನ ಪಾಲುದಾರರು ಡ್ರೈವರ್‌ನ ಸ್ವಂತ ಬೈಕ್‌ಗೂ ಒಂದು ಟ್ರ್ಯಾಕರ್ ಅಂಟಿಸಬಹುದಾ ಅಂತ ಕೇಳಿದಾಗ ಅವರು ಖಡಾಖಂಡಿತವಾಗಿ ಆಗಲ್ಲ ಅಂದರು. ಬೇರೆಯವರ ವಾಹನಕ್ಕೆ ಅವರಿಗೆ ತಿಳಿಸದೆ ಟ್ರ್ಯಾಕರ್ ಹಾಕುವುದು ಎಷ್ಟೋ ದೇಶಗಳಲ್ಲಿ ಅಪರಾಧ. ಸಾರ್ವಜನಿಕ ಜಾಗದಲ್ಲಿ ನಿಂತು ಯಾರಿಗಾದರೂ ಕಾಣುವುದನ್ನು ಮಾತ್ರ ನೋಡುತ್ತೇವೆ, ಮನೆಯೊಳಗೆ ಇಣುಕಲ್ಲ, ಫೋನ್ ಕದ್ದು ಕೇಳಲ್ಲ, ಪೊಲೀಸ್ ಅಂತ ಹೇಳಿಕೊಳ್ಳಲ್ಲ ಅಂತ ಬರೆದೂ ಕೊಟ್ಟರು. ಕಾಲ್ ರೆಕಾರ್ಡ್ ತೆಗೆದುಕೊಡ್ತೀವಿ ಅನ್ನುವ ಏಜೆನ್ಸಿ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಈಗ ದೂರುಗಳು. ಮಧ್ಯದಲ್ಲಿ ತಂಡದ ಒಬ್ಬರನ್ನು ಬದಲಿಸಿದರು, ನಮಗೆ ಹೇಳದೆ. ಹೊಸಬರಿಗೆ ಡ್ರೈವರ್‌ನ ಮುಖವೂ ಗೊತ್ತಿಲ್ಲ, ಉಳಿದಿಬ್ಬರ ಮಾತಿನ ಧಾಟಿಯೂ ಗೊತ್ತಿಲ್ಲ. ಆ ಬೆಳಗ್ಗೆ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಗೊಂದಲವಾಗಿ, ವ್ಯಾನ್ ಗೇಟಿನಿಂದ ಹೊರಟಿದ್ದೇ ತಪ್ಪಿಹೋಯಿತು. ಆ ಹೊತ್ತಿಗೂ ಬಿಲ್ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ಮೂರು ಜನ ಅಂದರೆ ನಿಗಾದ ಒಂದೊಂದು ಗಂಟೆಗೂ ಮೂವರ ಲೆಕ್ಕ, ಜೊತೆಗೆ ಅವರು ಆಫೀಸ್‌ನಿಂದ ಹೊರಟ ಹೊತ್ತೂ ಸೇರುತ್ತದೆ. ಎರಡನೆಯದು ವಿಡಿಯೋ. ಮೊದಲು ಕೊಟ್ಟದ್ದು ಕತ್ತರಿಸಿ ಜೋಡಿಸಿದ್ದು. ಒರಿಜಿನಲ್ ಫೈಲ್‌ಗಳಿಗೆ ಬೆನ್ನು ಬಿದ್ದು ಕೇಳಬೇಕಾಯಿತು. ಈ ಎರಡಕ್ಕೇ ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ: ಐದಕ್ಕೆ ನಾಲ್ಕು.

ಎಲ್ಲದಕ್ಕೂ ಮೂವರು ಬೇಕಾಗಲ್ಲ. ಒಂದೇ ಬಾಗಿಲಿನ ಕಟ್ಟಡಕ್ಕೆ ಯಾರು ಬಂದರು, ಯಾರು ಹೋದರು ಅನ್ನೋದಷ್ಟೇ ಬೇಕಿದ್ದರೆ ಒಬ್ಬರು ಸಾಕು, ಹೊತ್ತು ಜಾಸ್ತಿ ಇದ್ದರೆ ಪಾಳಿಗೆ ಇನ್ನೊಬ್ಬರು, ಯಾಕೆಂದರೆ ಎಂಥವರಿಗೂ ಬಾತ್‌ರೂಮಿಗೆ ಏಳಲೇಬೇಕು, ಬಾಗಿಲು ತೆರೆಯುವುದೂ ಆಗಲೇ. ಎರಡು ಬಾಗಿಲಿದ್ದರೆ ಕನಿಷ್ಠ ಇಬ್ಬರು. ಗಾಡಿಗಳೇ ಇಲ್ಲದ ಖಾಲಿ ಹೆದ್ದಾರಿಯಲ್ಲಿ ಹಿಂದಿನ ಕಾರು ಬಹಳ ದೂರದಿಂದಲೇ ಕಾಣುತ್ತದೆ, ಅಲ್ಲಿ ಒಬ್ಬರನ್ನು ಮುಂಚಿತವಾಗಿ ಮುಂದೆ ಕಳಿಸಿ ಕಾಯಿಸುವ ತಂಡ ಬೇಕು.

ಅಡ್ವಾನ್ಸ್ ಕೊಡುವ ಮುಂಚೆ ಇಷ್ಟು ಕೇಳಿ: ಎಷ್ಟು ಜನ, ಎಷ್ಟು ವಾಹನ, ಕೊನೆಯವರೆಗೂ ಅದೇ ಜನವಾ, ವ್ಯಾನ್ ಕೈತಪ್ಪಿದರೆ ಮುಂದೇನು ಮಾಡ್ತೀರಿ. ನಮ್ಮ ತಂಡದವರು ಕೊನೆಯ ಪ್ರಶ್ನೆಗೆ ತಕ್ಷಣ ಉತ್ತರ ಕೊಟ್ಟಿದ್ದರು: ಕೊನೆಯದಾಗಿ ಕಂಡ ತಿರುವಿನಿಂದ ಮೂರು ದಿಕ್ಕಿಗೆ ಹೋಗ್ತೀವಿ, ಅವನು ಹೋಗಬಹುದಾದ ಜಾಗಗಳನ್ನು ಮೊದಲೇ ಹಂಚಿಕೊಂಡಿರ್ತೀವಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಒರಿಜಿನಲ್ ವಿಡಿಯೋ ಯಾವತ್ತು ಕೈಗೆ ಕೊಡಬೇಕು ಅನ್ನೋದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.