ವೈಫೈಗಾಗಿ ಕಾದು ಕೂರುವ ಲಿನಕ್ಸ್ ಲ್ಯಾಪ್‌ಟಾಪ್: ನಾಲ್ಕು ಮದ್ದುಗಳ ಹೋಲಿಕೆ

ವೈಫೈ ಆಫ್ ಇದ್ದರೆ ಲಾಗಿನ್ ಪರದೆ ಬೇಗ ಬರುತ್ತದೆ, ಆನ್ ಇದ್ದರೆ ಮುಕ್ಕಾಲು ನಿಮಿಷ, ಒಂದು ನಿಮಿಷ ಕಾಯಿಸುತ್ತದೆ. ಉಬುಂಟು, ಡೆಬಿಯನ್ ಬಳಸುವವರಿಗೆ ಪರಿಚಿತವಾದ ಈ ಕಾಯಿಲೆಗೆ ನಾಲ್ಕು ಮದ್ದು ಪ್ರಯೋಗಿಸಿದ್ದೇನೆ. ಗೆದ್ದದ್ದು ಎಫ್‌ಎಸ್‌ಟ್ಯಾಬ್ ಫೈಲಿನ (ಬೂಟ್ ಆಗುವಾಗ ಯಾವ ಡಿಸ್ಕ್, ಫೋಲ್ಡರ್ ಜೋಡಿಸಬೇಕು, ಅಂದರೆ ಮೌಂಟ್ ಮಾಡಬೇಕು ಎಂಬ ಪಟ್ಟಿ) ಒಂದು ಸಾಲಿನ ತಿದ್ದುಪಡಿ. ಹೊಸ ವೈಫೈ ಕಾರ್ಡಿಗೆ ಹಾಕಿದ ದುಡ್ಡು ದಂಡ.

ಮೊದಲು ರೋಗ ಎಲ್ಲಿದೆ ನೋಡಿ. ಟರ್ಮಿನಲ್‌ನಲ್ಲಿ 'ಸಿಸ್ಟಮ್‌ಡಿ-ಅನಲೈಸ್ ಬ್ಲೇಮ್' ಕೊಟ್ಟರೆ, ಬೂಟ್‌ನಲ್ಲಿ ಹೆಚ್ಚು ಹೊತ್ತು ತಿಂದವರ ಪಟ್ಟಿಯ ತುದಿಯಲ್ಲಿ ನೆಟ್‌ವರ್ಕ್‌ಮ್ಯಾನೇಜರ್-ವೇಯ್ಟ್-ಆನ್‌ಲೈನ್ (ನೆಟ್‌ವರ್ಕ್ ಸಿಗುವವರೆಗೆ ಕಾಯುವ ಸರ್ವಿಸ್) ಕೂತಿರುತ್ತದೆ. ಅಷ್ಟಕ್ಕೇ ಅದನ್ನು ದೂರಬೇಡಿ. ಅದು ಹಿನ್ನೆಲೆಯಲ್ಲಿ ಎಷ್ಟು ಹೊತ್ತು ಕಾದರೂ ಲಾಗಿನ್ ತಡೆಯಬೇಕೆಂದಿಲ್ಲ. 'ಸಿಸ್ಟಮ್‌ಡಿ-ಅನಲೈಸ್ ಕ್ರಿಟಿಕಲ್-ಚೈನ್ ಜಿಡಿಎಂ.ಸರ್ವಿಸ್' ನೋಡಿದರೆ ನಿಜವಾದ ಸರಪಳಿ ಸಿಗುತ್ತದೆ. ನೆಟ್‌ವರ್ಕ್ ಹಂಚಿಕೆಯ ಫೋಲ್ಡರ್ ಇರುವ ಯಂತ್ರದಲ್ಲಿ ಅದು ಹೀಗಿರುತ್ತದೆ: ಜಿಡಿಎಂ (ಲಾಗಿನ್ ಪರದೆ) ಕಾಯುವುದು ಸಿಸ್ಟಮ್‌ಡಿ-ಯೂಸರ್-ಸೆಷನ್ಸ್‌ಗೆ, ಅದು ರಿಮೋಟ್-ಎಫ್‌ಎಸ್ ಟಾರ್ಗೆಟ್‌ಗೆ, ಅದು ಎನ್‌ಎಫ್‌ಎಸ್ ಮೌಂಟ್‌ಗೆ (ನೆಟ್‌ವರ್ಕ್ ಫೋಲ್ಡರಿನ ಜೋಡಣೆಗೆ), ಆ ಮೌಂಟ್ ನೆಟ್‌ವರ್ಕ್-ಆನ್‌ಲೈನ್‌ಗೆ. ಕಾಯುವ ಸರ್ವಿಸ್ ತನ್ನ ಕೆಲಸ ಮಾಡುತ್ತಿದೆ, ಅದನ್ನು ಕರೆದದ್ದು ಎಫ್‌ಎಸ್‌ಟ್ಯಾಬ್.

ಇಷ್ಟು ಹೊತ್ತು ಯಾಕೆ? 'ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್' ಕೊಟ್ಟು 'ಐಪಿ-ಕಾನ್ಫಿಗ್' ಎಂಬ ಪದವಿರುವ ಸಾಲುಗಳ ಸಮಯ ಗಮನಿಸಿ. ಆ ಹಂತಕ್ಕೆ ಬರುವ ಮೊದಲೇ ತಡವಾಗಿದ್ದರೆ ರೂಟರ್‌ಗೆ ಅಂಟಿಕೊಳ್ಳಲು ತಡ. ಅಲ್ಲಿಗೆ ಬಂದ ಮೇಲೆ ನಿಂತಿದ್ದರೆ ಡಿಎಚ್‌ಸಿಪಿಯಿಂದ (ರೂಟರ್‌ನಲ್ಲಿ ಐಪಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಬಂದಿಲ್ಲ. ಕರೆಂಟ್ ಹೋಗಿ ಬಂದಾಗ ಹೀಗಾಗುವುದುಂಟು: ರೂಟರ್‌ನ ವೈಫೈ ಕಾಣಿಸುತ್ತದೆ, ಡಿಎಚ್‌ಸಿಪಿ ಇನ್ನೂ ಎದ್ದಿರುವುದಿಲ್ಲ. ನೆಟ್‌ವರ್ಕ್‌ಮ್ಯಾನೇಜರ್ ಅದಕ್ಕೆ 45 ಸೆಕೆಂಡ್ ಕೊಡುತ್ತದೆ, ಕಾಯುವ ಸರ್ವಿಸಿನ ಒಟ್ಟು ಮಿತಿ 60.

ಎಲ್ಲರೂ ಮೊದಲು ಹೇಳುವ ಮದ್ದು, ಆ ಸರ್ವಿಸನ್ನು ಮಾಸ್ಕ್ ಮಾಡುವುದು, ಅಂದರೆ ಏಳದಂತೆ ಕಟ್ಟಿಹಾಕುವುದು. ಒಂದೇ ಕಮಾಂಡ್, ಫಲ ತಕ್ಷಣ. ನೆಟ್‌ವರ್ಕ್ ಫೋಲ್ಡರ್ ಇಲ್ಲದವರಿಗೆ ಇದರಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಇದ್ದವರಿಗೆ ಮಾತ್ರ ಅಪಾಯ: ವೈಫೈ ಏಳುವ ಮೊದಲೇ ಮೌಂಟ್ ಯತ್ನಿಸಿ ಸೋಲುತ್ತದೆ, ಫೋಲ್ಡರ್ ಖಾಲಿ ಕಾಣುತ್ತದೆ. ರಾತ್ರಿಯ ಬ್ಯಾಕಪ್ ಸ್ಕ್ರಿಪ್ಟ್ ಆ ಖಾಲಿ ಫೋಲ್ಡರಿಗೇ, ಅಂದರೆ ನಿಮ್ಮದೇ ಡಿಸ್ಕಿಗೆ, ಬರೆಯುತ್ತಾ ಹೋಗುತ್ತದೆ. ಡಿಸ್ಕ್ ತುಂಬುವವರೆಗೆ ಗೊತ್ತೇ ಆಗುವುದಿಲ್ಲ.

ನನ್ನ ಮೆಚ್ಚಿನದು ಎಫ್‌ಎಸ್‌ಟ್ಯಾಬ್ ದಾರಿ. ಮೌಂಟ್ ಸಾಲಿನ ಆಯ್ಕೆಗಳಿಗೆ 'ಎಕ್ಸ್-ಸಿಸ್ಟಮ್‌ಡಿ.ಆಟೊಮೌಂಟ್' ಮತ್ತು 'ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮ್‌ಔಟ್=10' ಸೇರಿಸಿ, 'ಡೀಮನ್-ರಿಲೋಡ್' ಮಾಡಿ, ರೀಬೂಟ್ ಕೊಡಿ. ಬೂಟ್ ಹೊತ್ತಿನಲ್ಲಿ ಮೌಂಟ್ ಆಗುವುದಿಲ್ಲ, ಫೋಲ್ಡರನ್ನು ಯಾರಾದರೂ ತೆರೆದಾಗ ಆಗುತ್ತದೆ. ಕಾಯುವ ಸರ್ವಿಸನ್ನು ಮುಟ್ಟಬೇಡಿ, ಈಗ ಅದು ಆ ತೆರೆಯುವ ಕ್ಷಣಕ್ಕೆ ಕಾವಲು. ಊರಾಚೆ ಹೋದಾಗ ತಪ್ಪಿ ತೆರೆದರೂ ಮೌಂಟ್ ಯತ್ನ 10 ಸೆಕೆಂಡಿಗೆ ಕೈಬಿಡುತ್ತದೆ.

ಇದರಲ್ಲೂ ಒಂದು ಮುಳ್ಳಿದೆ, ಅದು ಬಹಳ ಕಾಡುತ್ತದೆ. ಮ್ಯೂಸಿಕ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಹಂಚಿಕೆಯ ಜಾಗಕ್ಕೆ ತಿರುಗಿಸಿಟ್ಟಿದ್ದರೆ, ಲಾಗಿನ್ ಆದೊಡನೆ ಡೆಸ್ಕ್‌ಟಾಪ್ ಅವು ಇವೆಯೇ ಎಂದು ನೋಡುತ್ತದೆ. ನೋಡಿದ್ದೇ ತಡ, ಆಟೊಮೌಂಟ್ ಏಳುತ್ತದೆ, ವೈಫೈಗೆ ಕಾಯುತ್ತದೆ. ಲಾಗಿನ್‌ಗೆ ಮೊದಲಿದ್ದ ಕಾಯುವಿಕೆ ಲಾಗಿನ್ ಆದ ಮೇಲಕ್ಕೆ ಜಾರಿತು, ಅಷ್ಟೇ.

ಇನ್ನೂ ಕೆಟ್ಟದ್ದು, ಮೌಂಟ್ ಸೋತರೆ ಎಕ್ಸ್‌ಡಿಜಿ-ಯೂಸರ್-ಡಿರ್ಸ್-ಅಪ್‌ಡೇಟ್ ಎಂಬ ಉಪಕರಣ 'ಫೋಲ್ಡರ್ ಇಲ್ಲ' ಎಂದುಕೊಂಡು ಮ್ಯೂಸಿಕ್‌ನ ದಾರಿಯನ್ನು ಹೋಮ್‌ಗೆ ಬದಲಿಸಿಬಿಡುತ್ತದೆ. ಮರುದಿನ ಫೋಲ್ಡರ್ ಬಂದರೂ ದಾರಿ ಹಳೆಯದಕ್ಕೆ ಮರಳುವುದಿಲ್ಲ. ಮಾಸ್ಕ್ ಮಾಡಿದವರಿಗೂ ಇದೇ ಗತಿ. ಹೋಮ್‌ನಲ್ಲಿರುವ ಡಾಟ್-ಕಾನ್ಫಿಗ್ ಫೋಲ್ಡರಿನೊಳಗೆ ಯೂಸರ್-ಡಿರ್ಸ್.ಕಾನ್ಫ್ ಫೈಲ್ ಮಾಡಿ 'ಎನೇಬಲ್ಡ್=ಫಾಲ್ಸ್' ಎಂದು ಬರೆದರೆ ಬದಲಾವಣೆ ನಿಲ್ಲುತ್ತದೆ. ಕಾಯುವಿಕೆ ಹೋಗಬೇಕೆಂದರೆ ಆ ಫೋಲ್ಡರುಗಳನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟು, ಹಂಚಿಕೆಯದನ್ನು ಬೇಕಾದಾಗಷ್ಟೇ ತೆರೆಯಬೇಕು. ಹೋಮ್‌ನಲ್ಲಿ ಹಂಚಿಕೆಯತ್ತ ತೋರುವ ಸಿಮ್‌ಲಿಂಕ್‌ಗಳನ್ನೂ (ಅಡ್ಡದಾರಿಗಳನ್ನೂ) ಅಳಿಸಿ.

ಮೂರನೆಯ ಮದ್ದು, ವೈಫೈ ಜೋಡಣೆ ನೋಡಿಕೊಳ್ಳಲು ಐಡಬ್ಲ್ಯುಡಿ ಎಂಬ ಬದಲಿ ತಂತ್ರಾಂಶ. ಒಳ್ಳೆಯದೇ, ಗೊತ್ತಿರುವ ರೂಟರ್‌ಗೆ ಬೇಗ ಅಂಟಿಕೊಳ್ಳುತ್ತದೆ. ಆದರೆ ನೆಟ್‌ವರ್ಕ್‌ಮ್ಯಾನೇಜರ್ ಕೆಳಗೆ ಬಳಸಿದಾಗ ಡಿಎಚ್‌ಸಿಪಿ ನೆಟ್‌ವರ್ಕ್‌ಮ್ಯಾನೇಜರ್‌ನದೇ. ವಿಳಾಸಕ್ಕೆ ಕಾಯುವವರಿಗೆ ಇದರಿಂದ ಲಾಭವಿಲ್ಲ. ಕಾಲೇಜಿನ ಎಂಟರ್‌ಪ್ರೈಸ್ ವೈಫೈಗೆ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವಂಥದ್ದು) ಸೆಟ್ಟಿಂಗ್ಸ್ ಕಿಟಕಿ ಸಾಲದೇ ಹೋಗಬಹುದು, ಪ್ರತ್ಯೇಕ ಫೈಲನ್ನು ಕೈಯಾರೆ ಬರೆಯಬೇಕಾಗಬಹುದು. ವೈಫೈ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಆ ಫೈಲಿನ ಹೆಸರು ಸಮಚಿಹ್ನೆಯಿಂದ ಶುರುವಾಗುವ ಹೆಕ್ಸ್ ಅಂಕಿಗಳಾಗಿರಬೇಕು. ಇಂಟರ್‌ಫೇಸ್ ಹೆಸರು ಡಬ್ಲ್ಯುಎಲ್‌ಪಿ2ಎಸ್0 ಇದ್ದದ್ದು ಡಬ್ಲ್ಯುಎಲ್‌ಎಎನ್0 ಆಗಬಹುದು. ಹಳೆಯ ಹೆಸರು ನಂಬಿದ ಫೈರ್‌ವಾಲ್ ನಿಯಮ ಆಗ ಕೆಲಸ ಮಾಡದು.

ನಾಲ್ಕನೆಯದು ಹೊಸ ವೈಫೈ ಕಾರ್ಡ್. ಬದಲಿಸಿದರೆ ವೇಗ, ವ್ಯಾಪ್ತಿ ಸುಧಾರಿಸಬಹುದು. ಡಿಎಚ್‌ಸಿಪಿ ಕಾಯುವಿಕೆ ಹಾಗೇ ಇರುತ್ತದೆ.

ಮನೆಯ ಎನ್‌ಎಎಸ್‌ನಲ್ಲಿ (ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ) ಬ್ಯಾಕಪ್ ಇಡುವ, ದಿನಕ್ಕೊಮ್ಮೆ ಪೂರ್ತಿ ಶಟ್‌ಡೌನ್ ಮಾಡುವ ನನ್ನ ಅಭ್ಯಾಸಕ್ಕೆ ಆಟೊಮೌಂಟ್ ಸರಿಹೊಂದಿತು, ಖರ್ಚು ಸೊನ್ನೆ. ಎಫ್‌ಎಸ್‌ಟ್ಯಾಬ್‌ನಲ್ಲಿ ನೆಟ್‌ವರ್ಕ್ ಸಾಲೇ ಇಲ್ಲದಿದ್ದರೆ 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಡಿಪೆಂಡೆನ್ಸೀಸ್ --ರಿವರ್ಸ್ ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್' ಕೊಟ್ಟು ಕರೆಯುವವರು ಯಾರೆಂದು ನೋಡಿ, ಯಾರದೂ ನಿಮಗೆ ಬೇಡವೆನಿಸಿದರೆ ಮಾಸ್ಕ್ ಮಾಡಿ.