ನಿಂಗ್‌ಬೋದಿಂದ ಪೀಣ್ಯಕ್ಕೆ: ಸಿಐಎಫ್, ಎಫ್‌ಒಬಿ, ಎಕ್ಸ್ ವರ್ಕ್ಸ್, ಡಿಡಿಪಿ ದರಗಳ ವಿಮರ್ಶೆ

ಚೀನಾದ ಮಾರಾಟಗಾರರನ್ನು ಬೆಲೆ ಕೇಳಿದರೆ ಒಂದೇ ಸರಕಿಗೆ ನಾಲ್ಕು ದರ ಬರುತ್ತವೆ: ಎಕ್ಸ್ ವರ್ಕ್ಸ್ (ಕಾರ್ಖಾನೆಯಲ್ಲೇ ಒಪ್ಪಿಸುವುದು), ಎಫ್‌ಒಬಿ (ಅಲ್ಲಿ ಹಡಗು ಹತ್ತಿಸುವವರೆಗೆ), ಸಿಐಎಫ್ (ಇಲ್ಲಿಯ ಬಂದರಿನವರೆಗೆ, ಬಾಡಿಗೆ ಮತ್ತು ವಿಮೆ ಸೇರಿ), ಡಿಡಿಪಿ (ಸುಂಕವೂ ಸೇರಿ ಬಾಗಿಲಿನವರೆಗೆ). ಮೊದಲ ಬಾರಿ ಆಮದು ಮಾಡುವವರು ಇವನ್ನು ಸರಕಿನ ಬೆಲೆಯ ಹೆಚ್ಚುಕಮ್ಮಿ ಎಂದೇ ಓದುತ್ತಾರೆ. ಆದರೆ ಸರಕಿನ ಬೆಲೆ ನಾಲ್ಕರಲ್ಲೂ ಒಂದೇ. ಅದರ ಜೊತೆ ನೀವು ಕೊಳ್ಳುವ ಸಾಗಣೆ ಸೇವೆ ಬೇರೆ ಬೇರೆ. ಸರಕು ಎಲ್ಲಿಯವರೆಗೆ ಯಾರ ಖರ್ಚು, ಎಲ್ಲಿಂದ ಯಾರ ಹೊಣೆ, ಕಸ್ಟಮ್ಸ್ ಕಾಗದ ಯಾರ ಹೆಸರಲ್ಲಿ ಎಂಬ ಮೂರೂ ಆ ಮೂರು ಅಕ್ಷರಗಳಲ್ಲಿ ತೀರ್ಮಾನವಾಗಿಬಿಡುತ್ತವೆ. ಹೀಗಾಗಿ ಇವನ್ನು ಸೇವೆಗಳೆಂದೇ ತೂಗಿ ನೋಡಬೇಕು.

ಇಲ್ಲಿ ತೂಗಿರುವುದು ಬೆಂಗಳೂರಿನ ಸಣ್ಣ ಕೈಗಾರಿಕೆಗೆ ತೀರ ಸಾಮಾನ್ಯವಾದ ಸರಕು: ನಿಂಗ್‌ಬೋ ಬಂದರಿನಿಂದ ಪೀಣ್ಯಕ್ಕೆ ಬರುವ 3 ಘನ ಮೀಟರ್, 1,200 ಕೆಜಿ ಯಂತ್ರದ ಬಿಡಿಭಾಗ. ಇದು ಕಂಟೇನರ್ ತುಂಬುವುದಿಲ್ಲ. ಆದ್ದರಿಂದ ಹತ್ತಾರು ಜನರ ಸರಕಿನ ಜೊತೆ ಒಂದೇ ಕಂಟೇನರಿನಲ್ಲಿ, ಅಂದರೆ ಎಲ್‌ಸಿಎಲ್ ಲೆಕ್ಕದಲ್ಲಿ ಬರುತ್ತದೆ. ಎಲ್‌ಸಿಎಲ್ ಬಾಡಿಗೆಯನ್ನು ಘನ ಮೀಟರ್ ಅಥವಾ ಟನ್, ಯಾವುದು ಹೆಚ್ಚೋ ಅದರ ಮೇಲೆ ಹಾಕುತ್ತಾರೆ. ಇಲ್ಲಿ ಅದು 3.

ಈ ದರಗಳ ಹಿಂದಿರುವ ನಿಯಮಗಳ ಹಿನ್ನೆಲೆ ಎರಡು ಮಾತಿನಲ್ಲಿ: ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲು ಪ್ರಕಟಿಸಿದ ಇನ್‌ಕೋಟರ್ಮ್ಸ್ ನಿಯಮಗಳ ಈಗಿನ ಆವೃತ್ತಿ ಇನ್‌ಕೋಟರ್ಮ್ಸ್ 2020. ಅದರಲ್ಲಿ 11 ನಿಯಮಗಳಿವೆ. ಏಳು ಯಾವುದೇ ಬಗೆಯ ಸಾಗಣೆಗೆ, ನಾಲ್ಕು ಹಡಗಿಗೆ ಮಾತ್ರ. ಸರಕಿನ ಒಡೆತನ ಯಾವಾಗ ಕೈ ಬದಲಿಸುತ್ತದೆ, ಹಣ ಯಾವಾಗ ಕೊಡಬೇಕು, ಮಾಲು ಕೆಟ್ಟಿದ್ದರೆ ಏನು ಎಂಬುದನ್ನು ಇವು ಹೇಳುವುದಿಲ್ಲ. ಅವನ್ನು ಪರ್ಚೇಸ್ ಆರ್ಡರಿನಲ್ಲಿ ಬೇರೆಯಾಗಿ ಬರೆಯಬೇಕು.

ಸಿಐಎಫ್: ನೋಡಲು ಅಗ್ಗ, ಬಿಡಿಸಿಕೊಳ್ಳಲು ದುಬಾರಿ

'ಸಿಐಎಫ್ ಚೆನ್ನೈ' ಎಂದರೆ ಚೆನ್ನೈ ಬಂದರಿನವರೆಗಿನ ಹಡಗು ಬಾಡಿಗೆ ಮತ್ತು ವಿಮೆ ಮಾರಾಟಗಾರನದು. ಎಫ್‌ಒಬಿ ದರಕ್ಕೂ ಇದಕ್ಕೂ ಅಂತರ ಆಶ್ಚರ್ಯವಾಗುವಷ್ಟು ಕಡಿಮೆ ಇರುತ್ತದೆ. ಕೆಲವೊಮ್ಮೆ ಅಂತರವೇ ಇರುವುದಿಲ್ಲ. ಸಮುದ್ರ ದಾಟಿಸುವುದನ್ನು ಯಾರೂ ಪುಕ್ಕಟೆ ಮಾಡುವುದಿಲ್ಲವಲ್ಲ, ಆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಲೇಬೇಕು.

ಬರುವುದು ನಿಮ್ಮಿಂದಲೇ. ಎಲ್‌ಸಿಎಲ್ ಸರಕು ಒಟ್ಟುಗೂಡಿಸುವ ಕನ್ಸಾಲಿಡೇಟರ್ ಅಲ್ಲಿಯ ಮಾರಾಟಗಾರನಿಗೆ ಬಾಡಿಗೆಯನ್ನು ಸೊನ್ನೆಗೆ ಇಳಿಸುತ್ತಾನೆ, ಇಲ್ಲವೇ ಸರಕು ಕೊಟ್ಟದ್ದಕ್ಕೆ ಅವನಿಗೇ ಘನ ಮೀಟರಿಗೆ ಇಷ್ಟೆಂದು ಹಿಂದಿರುಗಿಸುತ್ತಾನೆ. ಆ ನಷ್ಟವನ್ನು ಚೆನ್ನೈಯಲ್ಲಿರುವ ಅವನ ಏಜೆಂಟ್ ನಿಮ್ಮ ಬಿಲ್ಲಿನಲ್ಲಿ ತುಂಬಿಕೊಳ್ಳುತ್ತಾನೆ. ಡೆಲಿವರಿ ಆರ್ಡರ್ (ಸರಕು ಬಿಡುಗಡೆಯ ಪತ್ರ) ಶುಲ್ಕ, ಟರ್ಮಿನಲ್ ಹ್ಯಾಂಡ್ಲಿಂಗ್, ಡಿಸ್ಟಫಿಂಗ್ (ಕಂಟೇನರಿನಿಂದ ಸರಕು ತೆಗೆಯುವುದು), ಸಿಎಫ್‌ಎಸ್ (ಕಂಟೇನರ್ ಸರಕು ಇಡುವ ಕಸ್ಟಮ್ಸ್ ಗೋದಾಮು) ಶುಲ್ಕ, ಡಾಕ್ಯುಮೆಂಟೇಶನ್ ಹೀಗೆ ಐದಾರು ಸಾಲು. ಡಾಲರಿನಲ್ಲಿರುವ ಸಾಲುಗಳಿಗೆ ಬ್ಯಾಂಕಿನ ದರವಲ್ಲ, ಏಜೆಂಟ್ ತಾನೇ ನಿಗದಿ ಮಾಡಿದ ದರ. ಅದರ ಮೇಲೆ ಜಿಎಸ್‌ಟಿ. ಬಿಲ್ ಆಫ್ ಲೇಡಿಂಗ್ (ಹಡಗು ಸಾಗಣೆಯ ಪತ್ರ) ಕೊಟ್ಟದ್ದು ಅವನ ಕಂಪನಿ, ಡೆಲಿವರಿ ಆರ್ಡರ್ ಕೊಡಬೇಕಾದವನೂ ಅವನೇ. ಹಾಗಾಗಿ ಬಿಲ್ ಕೈಗೆ ಬಂದ ಮೇಲೆ ಚೌಕಾಸಿಗೆ ಜಾಗ ಇರುವುದಿಲ್ಲ. ವಾದ ಮಾಡುತ್ತ ಕೂತರೆ ಸಿಎಫ್‌ಎಸ್ ಗೋದಾಮಿನ ಬಾಡಿಗೆ ದಿನದಿನಕ್ಕೆ ಏರುತ್ತದೆ.

ಇದಕ್ಕೆ ಮದ್ದು ಒಂದೇ. ಸರಕು ಹೊರಡುವ ಮೊದಲು 'ನಿಮ್ಮ ಕನ್ಸಾಲಿಡೇಟರಿನ ಚೆನ್ನೈ ಏಜೆಂಟ್ ಯಾರು, 3 ಘನ ಮೀಟರಿಗೆ ಇಲ್ಲಿ ತಗಲುವ ಎಲ್ಲ ಶುಲ್ಕಗಳ ಪಟ್ಟಿ ಕೊಡಿ' ಎಂದು ಮಾರಾಟಗಾರನಿಗೆ ಇಮೇಲ್ ಮಾಡಿ. ಉತ್ತರ ಬಾರದಿದ್ದರೆ ಸಿಐಎಫ್ ಒಪ್ಪಬೇಡಿ.

ಎರಡನೆಯ ತೊಡಕು ಹೊಣೆಯದು. ಚೆನ್ನೈವರೆಗೆ ಬಾಡಿಗೆ ಕೊಟ್ಟವನು ಚೆನ್ನೈವರೆಗೆ ಜವಾಬ್ದಾರ ಎಂದು ಬಹುಪಾಲು ಕೊಳ್ಳುವವರು ನಂಬಿರುತ್ತಾರೆ. ಹಾಗಿಲ್ಲ. ಸಿಐಎಫ್‌ನಲ್ಲಿ ಖರ್ಚು ಚೆನ್ನೈವರೆಗೆ ಅವನದು, ನಷ್ಟದ ಹೊಣೆ ಮಾತ್ರ ನಿಂಗ್‌ಬೋದಲ್ಲಿ ಸರಕು ಹಡಗು ಹತ್ತಿದೊಡನೆ ನಿಮ್ಮದು. ನಡುದಾರಿಯಲ್ಲಿ ಪೆಟ್ಟಿಗೆ ನಜ್ಜುಗುಜ್ಜಾದರೆ ಅವನು ಮಾಡಿಸಿದ ವಿಮೆಯ ಮೇಲೆ ಕ್ಲೇಮ್ ಹಾಕಬೇಕಾದವರು ನೀವು. ಆ ವಿಮೆ ಎಂಥದು? ಸರಕಿನ ಬೆಲೆಯ 110% ಮೊತ್ತಕ್ಕೆ ಕನಿಷ್ಠ ರಕ್ಷಣೆಯಾದ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಸಿ ಕೊಟ್ಟರೆ ಅವನ ಕರ್ತವ್ಯ ಮುಗಿಯಿತು. ಬೆಂಕಿ, ಹಡಗು ಮುಳುಗುವುದು, ಡಿಕ್ಕಿ ಇಂಥವಕ್ಕೆ ಸಿ ಕ್ಲಾಜ್ ಪರಿಹಾರ ಕೊಡುತ್ತದೆ. ಕಳವು, ಮಳೆನೀರು, ಎತ್ತಿಳಿಸುವಾಗಿನ ಪೆಟ್ಟು ಇದರೊಳಗೆ ಬರುವುದಿಲ್ಲ. ಎಲ್‌ಸಿಎಲ್ ಸರಕಿಗೆ ಹೆಚ್ಚಾಗಿ ಆಗುವ ಹಾನಿ ಈ ಮೂರೇ.

ಇನ್ನೊಂದು ತಪ್ಪು ಕೊಟೇಶನ್‌ಗಳಲ್ಲಿ ಪದೇ ಪದೇ ಕಾಣುತ್ತದೆ: 'ಸಿಐಎಫ್ ಐಸಿಡಿ ವೈಟ್‌ಫೀಲ್ಡ್'. ವೈಟ್‌ಫೀಲ್ಡ್ ಬಂದರಲ್ಲ, ಒಳನಾಡು ಕಂಟೇನರ್ ಡಿಪೋ. ಸಿಐಎಫ್ ಹಡಗಿನ ನಿಯಮವಾದ್ದರಿಂದ ಅದರ ಮುಂದೆ ಬಂದರಿನ ಹೆಸರೇ ಇರಬೇಕು. ವೈಟ್‌ಫೀಲ್ಡ್‌ವರೆಗೆ ಬೇಕಿದ್ದರೆ ಸರಿಯಾದ ನಿಯಮ ಸಿಐಪಿ (ಬಾಡಿಗೆ, ವಿಮೆ ಹೇಳಿದ ಊರಿನವರೆಗೆ ಮಾರಾಟಗಾರನದು). 2020ರ ಆವೃತ್ತಿಯಲ್ಲಿ ಸಿಐಪಿಗೆ ವಿಸ್ತಾರವಾದ ಎ ಕ್ಲಾಜ್ ವಿಮೆ ಕಡ್ಡಾಯವಾಗಿದೆ. ಹೀಗಾಗಿ ಅದೊಂದು ಅಕ್ಷರ ತಿದ್ದಿಸಿದರೆ ವಿಮೆಯೂ ಒಳ್ಳೆಯದಾಗುತ್ತದೆ.

ನಮ್ಮ ಅಂಕ: 5ಕ್ಕೆ 2. ತುಂಬಿದ ಕಂಟೇನರಿಗೆ, ಇಲ್ಲಿಯ ಶುಲ್ಕ ಮೊದಲೇ ಬರಹದಲ್ಲಿ ಸಿಕ್ಕಿದ್ದರೆ, 3.

ಎಫ್‌ಒಬಿ ಮತ್ತು ಅದರ ಉತ್ತಮ ರೂಪವಾದ ಎಫ್‌ಸಿಎ

'ಎಫ್‌ಒಬಿ ನಿಂಗ್‌ಬೋ' ಎಂದರೆ ಮಾರಾಟಗಾರ ಅಲ್ಲಿಯ ರಫ್ತು ಕಸ್ಟಮ್ಸ್ ಮುಗಿಸಿ, ಸರಕನ್ನು ನೀವು ಹೇಳಿದ ಹಡಗಿಗೆ ಹತ್ತಿಸಿಕೊಡುತ್ತಾನೆ. ಮುಂದಿನದೆಲ್ಲ ನಿಮ್ಮದು. ಕೆಲಸ ಹೆಚ್ಚಾಯಿತು ಎನಿಸಬಹುದು. ಆದರೆ ಬೆಂಗಳೂರಿನ ಒಬ್ಬ ಫಾರ್ವರ್ಡರಿಗೆ (ಸಾಗಣೆಯ ಏರ್ಪಾಡು ಮಾಡುವವನಿಗೆ) ಒಪ್ಪಿಸಿದರೆ ಅವನ ನಿಂಗ್‌ಬೋ ಏಜೆಂಟ್ ಮಾರಾಟಗಾರನನ್ನು ತಾನೇ ಸಂಪರ್ಕಿಸುತ್ತಾನೆ. ಇಲ್ಲಿ ಮುಖ್ಯ ಲಾಭವೆಂದರೆ ಬಾಡಿಗೆ ಮತ್ತು ಇಲ್ಲಿಯ ಶುಲ್ಕ ಎರಡನ್ನೂ ಒಬ್ಬನೇ ಹೇಳುತ್ತಾನೆ, ಅವನು ನಿಮ್ಮ ಗ್ರಾಹಕತನ ಉಳಿಸಿಕೊಳ್ಳಬೇಕಾದವನು. ಮೂವರಿಂದ ದರ ತರಿಸಿ ಹೋಲಿಸಬಹುದು. ಹೋಲಿಸುವಾಗ ಘನ ಮೀಟರ್ ಬಾಡಿಗೆಯನ್ನಷ್ಟೇ ನೋಡಬೇಡಿ. ಪೀಣ್ಯದ ಬಾಗಿಲಿನವರೆಗೆ, ಜಿಎಸ್‌ಟಿ ಸೇರಿಸಿ, ಒಟ್ಟು ಮೊತ್ತ ಕೇಳಿ.

ಎಲ್‌ಸಿಎಲ್ ಸರಕಿಗೆ ಎಫ್‌ಒಬಿಯಲ್ಲೂ ಒಂದು ಬಿರುಕಿದೆ. ಮಾರಾಟಗಾರ ಸರಕನ್ನು ಬಿಡುವುದು ಕನ್ಸಾಲಿಡೇಟರಿನ ಗೋದಾಮಿನಲ್ಲಿ, ಹಡಗಿನಲ್ಲಲ್ಲ. ಗೋದಾಮಿನಿಂದ ಹಡಗಿನವರೆಗೆ ಕೆಲವು ದಿನ ಸರಕು ನಿಮ್ಮ ಫಾರ್ವರ್ಡರಿನ ಕೈಯಲ್ಲಿದ್ದರೂ ಹೊಣೆ ಮಾರಾಟಗಾರನದೇ. ಆ ಅವಧಿಯಲ್ಲಿ ಹಾನಿಯಾದರೆ ಅವನು ನಿಮ್ಮ ಫಾರ್ವರ್ಡರನ್ನು ತೋರಿಸುತ್ತಾನೆ, ನಿಮ್ಮ ವಿಮಾ ಕಂಪನಿ ಅವನನ್ನು ತೋರಿಸುತ್ತದೆ. ಎಫ್‌ಸಿಎ ನಿಯಮದಲ್ಲಿ ಹೊಣೆ ಗೋದಾಮಿನಲ್ಲಿ ಸರಕು ಒಪ್ಪಿಸಿದ ಕ್ಷಣವೇ ವರ್ಗವಾಗುತ್ತದೆ, ಹಾಗಾಗಿ ಈ ಬಿರುಕು ಮುಚ್ಚುತ್ತದೆ. ಲೆಟರ್ ಆಫ್ ಕ್ರೆಡಿಟ್ (ಬ್ಯಾಂಕಿನ ಪಾವತಿ ಖಾತರಿ) ಇದ್ದು ಬ್ಯಾಂಕಿಗೆ 'ಹಡಗಿಗೇರಿದೆ' ಎಂಬ ಷರಾ ಇರುವ ಬಿಲ್ ಆಫ್ ಲೇಡಿಂಗ್ ಬೇಕಿದ್ದರೆ, 2020ರ ಆವೃತ್ತಿ ಎಫ್‌ಸಿಎಯಲ್ಲೇ ಅದಕ್ಕೂ ದಾರಿ ಮಾಡಿಕೊಟ್ಟಿದೆ. ಆರ್ಡರಿನಲ್ಲಿ ನಿಯಮ, ಗೋದಾಮಿನ ಹೆಸರು ಮತ್ತು ವಿಳಾಸ, ಊರು, ಕೊನೆಗೆ 'ಇನ್‌ಕೋಟರ್ಮ್ಸ್ 2020' ಎಂದು ಪೂರ್ತಿ ಬರೆಯಿರಿ. ಬರೀ 'ಎಫ್‌ಒಬಿ ಚೀನಾ' ಎಂದು ಬರೆದರೆ ಯಾವ ಬಂದರು ಎಂಬುದನ್ನು ಆಮೇಲೆ ಅವನು ತನ್ನ ಅನುಕೂಲಕ್ಕೆ ಆರಿಸಿಕೊಳ್ಳುತ್ತಾನೆ. ಮರದ ಪ್ಯಾಲೆಟ್ ಇದ್ದರೆ ಐಎಸ್‌ಪಿಎಂ 15 (ಮರಕ್ಕೆ ಕೀಟನಾಶ ಉಪಚಾರ ಆಗಿದೆಯೆಂಬ) ಮುದ್ರೆ ಇರಬೇಕೆಂಬುದನ್ನೂ ಸೇರಿಸಿ. ಮುದ್ರೆ ಇಲ್ಲದ ಮರ ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಎಫ್‌ಒಬಿ, ಎಫ್‌ಸಿಎ ಎರಡರಲ್ಲೂ ವಿಮೆ ನಿಮ್ಮ ಕೆಲಸ. ಬಿಡಬೇಡಿ. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಹಡಗು ಸಿಕ್ಕಿಕೊಂಡಾಗ ಅದರ ಮಾಲೀಕರು ಜನರಲ್ ಆವರೇಜ್ ಘೋಷಿಸಿದರು. ಅಂದರೆ ಹಡಗನ್ನು ಬಿಡಿಸಿದ ಖರ್ಚಿನಲ್ಲಿ ಸರಕಿನ ಮಾಲೀಕರಿಗೂ ಪಾಲು, ತಮ್ಮ ಸರಕು ಕೂದಲೂ ಕೊಂಕದೆ ಉಳಿದಿದ್ದರೂ. ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಗ್ಯಾರಂಟಿ ಕೊಡುತ್ತದೆ. ಇಲ್ಲದವರು ನಗದು ಠೇವಣಿ ಇಟ್ಟ ಮೇಲೆಯೇ ಸರಕು ಬಿಡುಗಡೆ. ಎ ಕ್ಲಾಜ್ ಪಾಲಿಸಿಯನ್ನು ಸರಕು ಗೋದಾಮು ಬಿಡುವ ಮುನ್ನವೇ ಮಾಡಿಸಿ.

ನಮ್ಮ ಅಂಕ: ಎಫ್‌ಒಬಿಗೆ 4, ಎಫ್‌ಸಿಎಗೆ 4.5.

ಸುಂಕದ ಲೆಕ್ಕದಲ್ಲಿ ಏನಾಗುತ್ತದೆ

ಎಫ್‌ಒಬಿಯಲ್ಲಿ ತಂದರೆ ಸುಂಕ ಕಡಿಮೆ ಎಂಬ ಮಾತು ಚಾಲ್ತಿಯಲ್ಲಿದೆ. ಅದು ತಪ್ಪು. ಯಾವ ನಿಯಮದಲ್ಲಿ ಕೊಂಡರೂ ಭಾರತದ ಕಸ್ಟಮ್ಸ್ ಸುಂಕ ಹಾಕುವುದು ಸರಕಿನ ಬೆಲೆಗೆ ಇಲ್ಲಿಯ ಬಂದರಿನವರೆಗಿನ ಸಾಗಣೆ ಮತ್ತು ವಿಮೆ ಸೇರಿಸಿದ ಮೌಲ್ಯದ ಮೇಲೆ. ವ್ಯತ್ಯಾಸ ಬರುವುದು ದಾಖಲೆಯಲ್ಲಿ. ಎಫ್‌ಒಬಿ ಇನ್‌ವಾಯ್ಸ್ ತೋರಿಸಿ ಬಾಡಿಗೆಯ ದಾಖಲೆ ಕೊಡದಿದ್ದರೆ, 2007ರ ಮೌಲ್ಯಮಾಪನ ನಿಯಮಗಳ 10ನೇ ನಿಯಮದಂತೆ ಬಾಡಿಗೆಯನ್ನು ಎಫ್‌ಒಬಿ ಬೆಲೆಯ 20%, ವಿಮೆಯನ್ನು 1.125% ಎಂದು ಹಿಡಿಯುತ್ತಾರೆ.

ಎಫ್‌ಒಬಿ ಬೆಲೆ ₹8,00,000, ನಿಜವಾದ ಬಾಡಿಗೆ ₹24,000, ವಿಮೆ ₹4,000, ಮೂಲ ಸುಂಕ 7.5%, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) 18% ಎಂದಿಟ್ಟುಕೊಳ್ಳಿ. ದಾಖಲೆ ಇದ್ದರೆ ಮೌಲ್ಯ ₹8,28,000. ಮೂಲ ಸುಂಕ ₹62,100, ಅದರ 10% ಸಮಾಜ ಕಲ್ಯಾಣ ಸರ್ಚಾರ್ಜ್ ₹6,210, ಇವೆಲ್ಲದರ ಮೊತ್ತದ ಮೇಲೆ ಐಜಿಎಸ್‌ಟಿ ₹1,61,336. ಒಟ್ಟು ₹2,29,646. ದಾಖಲೆ ಇಲ್ಲದಿದ್ದರೆ ಮೌಲ್ಯ ₹9,69,000ಕ್ಕೆ ಏರಿ ಒಟ್ಟು ₹2,68,752 ಆಗುತ್ತದೆ. ₹39,000ಕ್ಕೂ ಹೆಚ್ಚಿನ ಈ ಅಂತರದಲ್ಲಿ ಐಜಿಎಸ್‌ಟಿ ಭಾಗ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ಸಿಗಬಹುದು. ಮೂಲ ಸುಂಕ ಮತ್ತು ಸರ್ಚಾರ್ಜಿನ ₹11,600 ಹೋದದ್ದೇ. ಫಾರ್ವರ್ಡರಿನಿಂದ ಬಾಡಿಗೆ ಇನ್‌ವಾಯ್ಸ್, ವಿಮೆಯ ಸರ್ಟಿಫಿಕೇಟ್ ಎರಡನ್ನೂ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಸಲ್ಲಿಸುವ ಮೊದಲೇ ನಿಮ್ಮ ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ಕೈಗೆ ಕೊಡಿ.

ವಿಮಾನದಲ್ಲಿ ತಂದರೆ ಇದೇ ನಿಯಮ ನಿಮ್ಮ ಪರವಾಗಿದೆ: ನಿಜವಾದ ಬಾಡಿಗೆ ಎಷ್ಟೇ ಇರಲಿ, ಸುಂಕದ ಮೌಲ್ಯಕ್ಕೆ ಸೇರುವುದು ಎಫ್‌ಒಬಿ ಬೆಲೆಯ 20% ಮೀರುವಂತಿಲ್ಲ. ಚೆನ್ನೈಯಿಂದ ವೈಟ್‌ಫೀಲ್ಡ್ ಐಸಿಡಿಗೆ ಟ್ರಾನ್ಸ್‌ಶಿಪ್‌ಮೆಂಟ್ ಆಗಿ (ಚೆನ್ನೈಯಲ್ಲಿ ಸುಂಕ ಕಟ್ಟದೆ ಮುಂದೆ ಸಾಗಿ) ಬಂದರೆ ಆ ಒಳನಾಡು ಸಾಗಣೆಯ ಖರ್ಚೂ ಮೌಲ್ಯಕ್ಕೆ ಸೇರುವುದಿಲ್ಲ. ಬಾಡಿಗೆ ಬಿಲ್ಲಿನಲ್ಲಿ ಸಮುದ್ರದ ಭಾಗ, ನೆಲದ ಭಾಗ ಬೇರೆ ಬೇರೆ ತೋರಿಸಲು ಹೇಳಿ. ಬಿಲ್ ಆಫ್ ಎಂಟ್ರಿ ತಡವಾದರೆ ಮೊದಲ ಮೂರು ದಿನ ದಿನಕ್ಕೆ ₹5,000, ಆಮೇಲೆ ದಿನಕ್ಕೆ ₹10,000 ಶುಲ್ಕವಿದೆ. ಕಾಗದಗಳು ಹಡಗಿಗಿಂತ ಮುಂಚೆ ಬಂದಿರಬೇಕು. ಹಳೆಯ ಸಲಹೆಗಳಲ್ಲಿ ಸಿಐಎಫ್ ಆಮದಿನ ಸಮುದ್ರ ಬಾಡಿಗೆಗೆ ರಿವರ್ಸ್ ಚಾರ್ಜ್‌ನಲ್ಲಿ (ಸೇವೆ ಕೊಟ್ಟವನ ಬದಲು ನೀವೇ) ಪ್ರತ್ಯೇಕ ಐಜಿಎಸ್‌ಟಿ ಕಟ್ಟಬೇಕೆಂದಿದ್ದರೆ ಅದನ್ನು ಬಿಡಿ. ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಅದನ್ನು ತಳ್ಳಿಹಾಕಿದೆ.

ಎಕ್ಸ್ ವರ್ಕ್ಸ್

ಪಟ್ಟಿಯಲ್ಲಿ ಅತಿ ಕಡಿಮೆ ದರ ಇದರದೇ. ಮಾರಾಟಗಾರ ಕಾರ್ಖಾನೆಯಲ್ಲಿ ಸರಕು ಇಟ್ಟು ಸುಮ್ಮನಾಗುತ್ತಾನೆ. ಲಾರಿಗೆ ಹೇರುವುದೂ ಅವನ ಕೆಲಸವಲ್ಲ. ಚೀನಾದ ರಫ್ತು ಕಸ್ಟಮ್ಸ್ ಕೂಡ ನಿಮ್ಮ ತಲೆಗೆ. ಬೆಂಗಳೂರಿನಲ್ಲಿ ಕೂತವರು ಅದನ್ನು ಮಾಡಲಾಗದು, ಕೊನೆಗೆ ಅದೇ ಮಾರಾಟಗಾರನಿಗೋ ಏಜೆಂಟನಿಗೋ ಹೆಚ್ಚು ಹಣ ತೆತ್ತು ಮಾಡಿಸಬೇಕು. ಕಾರ್ಖಾನೆಯಿಂದ ಬಂದರಿನವರೆಗಿನ ಖರ್ಚೂ ಸುಂಕದ ಮೌಲ್ಯಕ್ಕೆ ಸೇರುತ್ತದೆ, ಆದ್ದರಿಂದ ಅಲ್ಲೂ ಉಳಿತಾಯವಿಲ್ಲ. ಅಂಕ 1.5. ಕಾರ್ಖಾನೆಯಿಂದಲೇ ಎತ್ತಿಸಬೇಕಿದ್ದರೆ ಎಫ್‌ಸಿಎ ಎಂದು ಬರೆದು ಕಾರ್ಖಾನೆಯ ವಿಳಾಸ ಹಾಕಿ. ಹೇರುವುದು, ರಫ್ತು ಕಾಗದ ಎರಡೂ ಅವನಿಗೆ ಹೋಗುತ್ತವೆ.

ಡಿಡಿಪಿ: ಕಿಲೋ ಲೆಕ್ಕದ ಬಾಗಿಲು ಸೇವೆ

'ಸುಂಕ ಸೇರಿ, ಮನೆ ಬಾಗಿಲಿಗೆ, ಕಿಲೋಗೆ ಇಷ್ಟು, ಐಇಸಿ ಬೇಡ' ಎಂಬ ಸೇವೆ ವಾಟ್ಸ್ಆ್ಯಪ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಡಿಡಿಪಿ ನಿಯಮದಂತೆ ಇಲ್ಲಿಯ ಆಮದು ಕಸ್ಟಮ್ಸ್ ಮತ್ತು ಸುಂಕ ಮಾರಾಟಗಾರನದು. ಆದರೆ ಭಾರತದಲ್ಲಿ ಆಮದು ಮಾಡಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ (ಡಿಜಿಎಫ್‌ಟಿ) ಕೊಡುವ ಆಮದು-ರಫ್ತು ಸಂಕೇತ ಸಂಖ್ಯೆ, ಅಂದರೆ ಐಇಸಿ ಬೇಕು, ನಿಂಗ್‌ಬೋದ ಕಾರ್ಖಾನೆಯ ಬಳಿ ಅದಿರುವುದಿಲ್ಲ. ಹಾಗಾದರೆ ಸರಕು ಬರುವುದು ಬೇರೆ ಯಾರದೋ ಐಇಸಿಯಲ್ಲಿ, ಹಲವರ ಮಾಲಿನ ಜೊತೆ ಬೆರೆತು, ಬಹಳ ಸಲ ಬೇರೆ ವಿವರಣೆ ಮತ್ತು ಕಡಿಮೆ ಬೆಲೆಯಲ್ಲಿ. ಬಿಲ್ ಆಫ್ ಎಂಟ್ರಿಯಲ್ಲಿ ನಿಮ್ಮ ಜಿಎಸ್‌ಟಿಐಎನ್ ಇಲ್ಲ, ಆದ್ದರಿಂದ ಐಜಿಎಸ್‌ಟಿ ಕ್ರೆಡಿಟ್ ಇಲ್ಲ. ನೀವು ಕಳಿಸಿದ ಡಾಲರಿಗೆ ಬ್ಯಾಂಕ್ ಬಿಲ್ ಆಫ್ ಎಂಟ್ರಿ ಕೇಳಿದಾಗ ತೋರಿಸಲು ಏನೂ ಇಲ್ಲ, ಆಮದು ಪಾವತಿಗಳ ಮೇಲೆ ನಿಗಾ ಇಡುವ ರಿಸರ್ವ್ ಬ್ಯಾಂಕಿನ ಐಡಿಪಿಎಂಎಸ್ ವ್ಯವಸ್ಥೆಯಲ್ಲಿ ಆ ಪಾವತಿ ಬಾಕಿಯಾಗಿಯೇ ಉಳಿಯುತ್ತದೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಮಾಣಪತ್ರ ಕಡ್ಡಾಯವಿರುವ ಸರಕಾದರೆ ಜಪ್ತಿಯ ಅಪಾಯ ಬೇರೆ. ಕಸ್ಟಮ್ಸ್ ಕಾಯ್ದೆ ಸರಕಿನ ನಿಜವಾದ ಮಾಲೀಕನನ್ನೂ ಆಮದುದಾರ ಎಂದೇ ನೋಡುತ್ತದೆ, ಹಾಗಾಗಿ 'ನನ್ನ ಹೆಸರಲ್ಲಿಲ್ಲ' ಎಂಬ ಮಾತು ರಕ್ಷಣೆಯಲ್ಲ. ವ್ಯಾಪಾರದ ಸರಕಿಗೆ ನಮ್ಮ ಅಂಕ ಸೊನ್ನೆ. ₹500 ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲಿ ಐಇಸಿ ಪಡೆಯಬಹುದಾದಾಗ ಈ ದಾರಿ ಹಿಡಿಯಲು ಕಾರಣವೇ ಇಲ್ಲ.

ಬಾಗಿಲಿನವರೆಗೆ ಮಾರಾಟಗಾರನೇ ತಲುಪಿಸಲಿ ಎಂದಿದ್ದರೆ ಡಿಎಪಿ ಕೇಳಿ. ಆಗ ಸಾಗಣೆಯ ಖರ್ಚೂ ಹೊಣೆಯೂ ಪೀಣ್ಯದ ಗೇಟಿನವರೆಗೆ ಅವನದು, ಕಸ್ಟಮ್ಸ್ ಮಾತ್ರ ನಿಮ್ಮ ಐಇಸಿಯಲ್ಲಿ, ನಿಮ್ಮ ಸಿಎಚ್‌ಎ ಮೂಲಕ. ಭಾರಿ ಯಂತ್ರಗಳಿಗೆ ಇದು ಸರಿಹೊಂದುತ್ತದೆ. ಲಾರಿಯಿಂದ ಇಳಿಸುವುದು ಡಿಎಪಿಯಲ್ಲಿ ನಿಮ್ಮ ಪಾಲು, ಆದ್ದರಿಂದ ಕ್ರೇನ್ ಮೊದಲೇ ಗೊತ್ತುಮಾಡಿರಬೇಕು. ಇಳಿಸಿಯೂ ಕೊಡಲಿ ಎಂದಾದರೆ ಆರ್ಡರಿನಲ್ಲಿ ಡಿಪಿಯು ಎಂದು ಬರೆಸಿ. ಎರಡರಲ್ಲೂ ನಿಮ್ಮ ಕಾಗದ ತಡವಾಗಿ ಕಂಟೇನರ್ ಬಂದರಿನಲ್ಲಿ ನಿಂತರೆ ಆ ಡೆಮರೇಜ್ (ತಡದ ಶುಲ್ಕ) ನಿಮ್ಮದೇ.